ಗ್ಲೆನಿಸ್ ಕಾದಿಟ್ಟ ಚಿತ್ರಗಳು

ಕಾಡಿನ ಬೆಂಕಿ ನಮ್ಮ ಊರಿಗೆ ನುಗ್ಗಿದ ದಿನ ಗಾಳಿ ಕೊನೆಯ ಗಳಿಗೆಯಲ್ಲಿ ದಿಕ್ಕು ಬದಲಿಸಿತು. ಹಾಗಾಗಿ ಗ್ಲೆನಿಸ್ ಟ್ರೆವಿನ್‌ಳ ಮನೆ ಉಳಿಯಿತು. ಅವಳ ಬೀದಿಯಲ್ಲಿ ಉಳಿದದ್ದು ಅದೊಂದೇ. ಎದುರುಗಡೆಯ ಬ್ರೋನ್ವಿನ್ ಸ್ಕೆರಿಟ್‌ಳ ಮನೆಯಿದ್ದ ಜಾಗದಲ್ಲಿ ಚಿಮಣಿ ಮಾತ್ರ ನಿಂತಿತ್ತು. ಬ್ರೋನ್ವಿನ್‌ಳ ಒಬ್ಬನೇ ಮಗ ಲಾಕಿ ಊರಿನ ಅಗ್ನಿಶಾಮಕ ದಳದಲ್ಲಿ ಸ್ವಯಂಸೇವಕನಾಗಿದ್ದ. ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಅಂದು ಕಣಿವೆಯ ರಸ್ತೆಯಲ್ಲಿ ಮರವೊಂದು ಉರುಳಿ ಅವರ ಗಾಡಿ ಸಿಕ್ಕಿಹಾಕಿಕೊಂಡಿತು. ಅವನು ಹೊರಗೆ ಬರಲಿಲ್ಲ.

ಗ್ಲೆನಿಸ್ ನಮ್ಮ ಊರಿನ ಶಾಲಾ ಬಸ್ಸು ಓಡಿಸುತ್ತಿದ್ದವಳು. ಲಾಕಿಯೂ ಅವಳ ಬಸ್ಸಿನಲ್ಲೇ ಬೆಳೆದವನು. ಎತ್ತರದ, ಎಲುಬು ಗಟ್ಟಿಯ ಹೆಂಗಸು. ಮಾತು ಕಮ್ಮಿ. ಕನ್ನಡಿಯಲ್ಲಿ ಒಂದು ನೋಟ ಬಿಟ್ಟರೆ ಹಿಂದಿನ ಸೀಟಿನ ಗಲಾಟೆ ತಣ್ಣಗಾಗುತ್ತಿತ್ತು. ಅವಳ ಗಂಡ ಮರ್ವ್ ಗರಗಸದ ಮಿಲ್ಲಿನಲ್ಲಿ ದುಡಿದು ಶ್ವಾಸಕೋಶ ಹಾಳು ಮಾಡಿಕೊಂಡಿದ್ದ. ನಾನು ಇಲ್ಲಿನ ಆರೋಗ್ಯ ಕೇಂದ್ರದಲ್ಲಿ ದಾದಿ. ವಾರವಾರ ಅವನನ್ನು ನೋಡಲು ಹೋಗುತ್ತಿದ್ದೆ, ಅವರ ಅಡುಗೆಮನೆಯಲ್ಲೇ ಕೂತು ಟೀ ಕುಡಿಯುತ್ತಿದ್ದೆ. ಹೀಗಾಗಿ ಈ ಕಥೆಯ ಬಹುಪಾಲು ನಾನು ಕಣ್ಣಾರೆ ಕಂಡದ್ದು.

ಬೆಂಕಿಯ ನಂತರದ ವಾರಗಳಲ್ಲಿ ಊರವರು ಸ್ನಾನಕ್ಕೆ, ಬಟ್ಟೆ ಒಗೆಯಲು, ಫೋನ್ ಚಾರ್ಜ್ ಮಾಡಲು ಗ್ಲೆನಿಸ್‌ಳ ಮನೆಗೇ ಬರುತ್ತಿದ್ದರು. ಅವಳು ಯಾರನ್ನೂ ಏನೂ ಕೇಳುತ್ತಿರಲಿಲ್ಲ. ತನ್ನದು ಉಳಿದು ಬೇರೆಯವರದು ಹೋದದ್ದಕ್ಕೆ ನಾಚಿಕೊಂಡವಳಂತೆ ಟವಲು, ಸಾಬೂನು ಕೈಗಿಟ್ಟು ಪಕ್ಕಕ್ಕೆ ಸರಿಯುತ್ತಿದ್ದಳು. ಒಂದು ದಿನ ಬೇಕರಿಯ ಹೆಂಗಸೊಬ್ಬಳು ಅದೇ ಅಡುಗೆಮನೆಯಲ್ಲಿ ಕೂತು ಅತ್ತಳು. ಅವಳ ಮದುವೆಯ ಚಿತ್ರಗಳೆಲ್ಲ ಸುಟ್ಟಿದ್ದವು. ಯಾರೋ ನೆಂಟರು ಕಳಿಸಿದ ಒಂದೇ ಒಂದು ಚಿತ್ರ ಫೋನಿನಲ್ಲಿತ್ತು, ಆ ಫೋನಿನ ಗಾಜೂ ಒಡೆದಿತ್ತು.

"ಕೊಡಿಲ್ಲಿ, ಒಂದು ಪ್ರತಿ ನನ್ನ ಹತ್ರ ಇಟ್ಕೊಂಡಿರ್ತೀನಿ," ಅಂದಳು ಗ್ಲೆನಿಸ್.

ಶುರುವಾದದ್ದು ಹೀಗೆ. ಆಮೇಲೆ ಎಲ್ಲರೂ ತಂದುಕೊಟ್ಟರು. ದೂರದ ಅಕ್ಕತಂಗಿಯರ ಕಂಪ್ಯೂಟರಿನಲ್ಲಿದ್ದವು, ಶಾಲೆಯ ಹಳೇ ಸಿ.ಡಿ.ಗಳು, ಫುಟ್‌ಬಾಲ್ ತಂಡದ ಗುಂಪಿನ ಚಿತ್ರಗಳು, ಅಜ್ಜಂದಿರ ಹುಟ್ಟುಹಬ್ಬದ ವಿಡಿಯೋಗಳು. ಶಾಲೆಯವರು ಬಿಸಾಡಲು ಇಟ್ಟಿದ್ದ ಕಂಪ್ಯೂಟರೊಂದನ್ನು ಗ್ಲೆನಿಸ್ ಮನೆಗೆ ತಂದು, ಅದಕ್ಕೆ ಹಾರ್ಡ್ ಡಿಸ್ಕುಗಳನ್ನು ಜೋಡಿಸಿ, ಬಟ್ಟೆ ಒಗೆಯುವ ಕೋಣೆಯ ಕಪಾಟಿನಲ್ಲಿ ಇಟ್ಟಳು. ಒಂದು ಡಿಸ್ಕ್ ಸತ್ತರೂ ಇನ್ನೊಂದರಲ್ಲಿ ಅದೇ ಇರುವ ಹಾಗೆ ಮಾಡಿಕೊಂಡಳು. ಬಸ್ಸಿನ ಎಂಜಿನ್ ಬಿಚ್ಚಿ ಕೂಡಿಸುತ್ತಿದ್ದವಳಿಗೆ ಇದೇನೂ ಭಯ ಹುಟ್ಟಿಸುವ ಕೆಲಸ ಆಗಿರಲಿಲ್ಲ.

ಮರ್ವ್ ಆಕ್ಸಿಜನ್ ಕೊಳವೆ ಮೂಗಿಗೆ ಸಿಕ್ಕಿಸಿಕೊಂಡೇ ಅಣಕಿಸುತ್ತಿದ್ದ. "ನೋಡಿ ಸಿಸ್ಟರ್, ಈ ಮನೇಲಿ ಗೊರಗೊರ ಅನ್ನೋವು ಎರಡು. ಒಂದು ನಾನು, ಇನ್ನೊಂದು ಅವಳ ಪೆಟ್ಟಿಗೆ. ಅದಕ್ಕೆ ದಿನಾ ಧೂಳು ಹೊಡೀತಾಳೆ. ನನಗೆ?"

"ನಿನಗೆ ಧೂಳು ಹೊಡೆದ್ರೆ ಏನೂ ಉಳಿಯೋದಿಲ್ಲ ಕಣೋ," ಅಂದಳು ಗ್ಲೆನಿಸ್.

ಬ್ರೋನ್ವಿನ್ ಮಾತ್ರ ತುಂಬಾ ದಿನ ಏನೂ ತರಲಿಲ್ಲ. ಎರಡನೇ ಚಳಿಗಾಲದಲ್ಲಿ ಬಾಗಿಲಿಗೆ ಬಂದು ಫೋನ್ ಕೊಟ್ಟಳು. ಬೆಂಕಿಯ ದಿನ ಬೆಳಿಗ್ಗೆ ಲಾಕಿ ಹೊರಡುವಾಗ ತೆಗೆದ ಸಣ್ಣ ವಿಡಿಯೋ ಅದರಲ್ಲಿತ್ತು. ಹುಡುಗ ಹಳದಿ ಅಂಗಿ ತೊಟ್ಟು, ಟೋಸ್ಟ್ ಬಾಯಲ್ಲಿ ಕಚ್ಚಿಕೊಂಡು, ಬೂಟು ಹಾಕಿಕೊಳ್ಳುತ್ತ ಅಮ್ಮನನ್ನು ರೇಗಿಸುತ್ತಾನೆ. ಅಷ್ಟೇ. ಅದರ ಜೊತೆಗೆ ಅವನ ಚಿಕ್ಕಮ್ಮ ಕಳಿಸಿದ ಬಾಲ್ಯದ ಕೆಲವು ಚಿತ್ರಗಳು.

ಮುಂದಿನ ಬೇಸಿಗೆಗೆ ಪೆಟ್ಟಿಗೆ ತುಂಬಿತು, ನಿಧಾನವಾಯಿತು. ಗ್ಲೆನಿಸ್ ದೊಡ್ಡ ಡಿಸ್ಕುಗಳನ್ನು ತಂದಳು. ಕೆಲಸ ಮಾಡುವಾಗ ಕಂಪ್ಯೂಟರ್ ಬಳಸುವ ಮೆಮೊರಿ, ಅಂದರೆ ರ‍್ಯಾಮ್, ಸಾಲದು ಎಂದು ಯಾರೋ ಹೇಳಿದರು. ಹಳೆಯ ರ‍್ಯಾಮ್ ಪಕ್ಕದ ಖಾಲಿ ಜಾಗಕ್ಕೆ, ಯಾರೋ ಬಳಸಿ ಬಿಟ್ಟಿದ್ದ ಇನ್ನೊಂದನ್ನು ಒತ್ತಿ ಕೂರಿಸಿದಳು. ಕೂತಿತು. ಕಂಪ್ಯೂಟರ್ ಚುರುಕಾಯಿತು. ಹಳೇ ಡಿಸ್ಕುಗಳಲ್ಲಿದ್ದ ಊರಿನ ಚಿತ್ರಗಳೆಲ್ಲವನ್ನೂ ಹೊಸದಕ್ಕೆ ದಾಟಿಸಿದಳು. ಆಮೇಲೆ ಹಳೆಯವನ್ನು ಪೂರ್ತಿ ಅಳಿಸಿ, ಅವುಗಳ ಮೇಲೆ ಹೊಸದರಿಂದಲೇ ಇನ್ನೊಂದು ಪ್ರತಿ ಮಾಡಿ, ಸೇಲ್ ಎಂಬ ಪಟ್ಟಣದಲ್ಲಿದ್ದ ತಂಗಿಯ ಮನೆಗೆ ಕಳಿಸಿದಳು. ಎರಡು ಊರಲ್ಲಿ ಎರಡು ಪ್ರತಿ. ಮತ್ತೆ ಬೆಂಕಿ ಬಂದರೂ ಭಯವಿಲ್ಲ ಅಂದುಕೊಂಡಳು. ಸೆಕೆಯ ದಿನಗಳಲ್ಲಿ ಕಂಪ್ಯೂಟರ್ ಆಗೊಮ್ಮೆ ಈಗೊಮ್ಮೆ ಸುಮ್ಮನೆ ನಿಂತುಬಿಡುತ್ತಿತ್ತು. ಬಿಸಿಗೆ ಹೀಗಾಗುತ್ತದೆ ಎಂದು ಕಪಾಟಿನ ಬಾಗಿಲು ತೆಗೆದಿಟ್ಟಳು.

ಬೆಂಕಿಯ ನೆನಪಿನ ದಿನ ಊರಿನ ಸಭಾಂಗಣದಲ್ಲಿ ಸೇರುವುದು ನಮ್ಮ ರೂಢಿ. ಆ ವರ್ಷ ಗ್ಲೆನಿಸ್ ಇಟ್ಟಿದ್ದ ಚಿತ್ರಗಳನ್ನು ಗೋಡೆಯ ಮೇಲೆ ತೋರಿಸೋಣ ಎಂದರು. ಹೆಂಗಸರು ಸ್ಯಾಂಡ್‌ವಿಚ್ ಮಾಡಿ ತಂದಿದ್ದರು. ಮೊದಮೊದಲು ನಗು, ಕೂಗು. "ಅಯ್ಯೋ, ಅದು ನಮ್ಮ ಕೆನ್! ಕೂದಲಿತ್ತು ನೋಡ್ರೋ ಅವನಿಗೆ!" ಆಮೇಲೆ ಒಂದು ಮದುವೆಯ ಚಿತ್ರ ಬಂತು. ಮೇಲರ್ಧ ಸರಿಯಿತ್ತು, ಕೆಳಗರ್ಧ ಬೂದು. ಯಾರೋ ಯಂತ್ರದ ದೋಷ ಅಂದರು. ಅದಾಗಿ ಕೆಲವು ಸರಿಯಾಗಿ ಬಂದವು. ಮುಂದೆ ಲಾಕಿಯ ಚಿತ್ರ, ಐದಾರು ವರ್ಷದವನು, ಬಸ್ಸಿನ ಮೆಟ್ಟಿಲ ಮೇಲೆ. ಮುಖದ ನಡುವಿನಿಂದ ಶುರುವಾಗಿ ಕೆಳಗಿನವರೆಗೆ ಹಸಿರು, ಗುಲಾಬಿ ಪಟ್ಟೆಗಳು ಅಡ್ಡಾದಿಡ್ಡಿ ಎಳೆದುಕೊಂಡಿದ್ದವು. ಕಣ್ಣುಗಳಷ್ಟೇ ಇದ್ದವು.

ಗ್ಲೆನಿಸ್ ಎದ್ದು ಹೋಗಿ ಪ್ರೊಜೆಕ್ಟರ್ ಆರಿಸಿದಳು. ಬ್ರೋನ್ವಿನ್ ಕೋಟು ತೆಗೆದುಕೊಂಡು ಹೊರಗೆ ನಡೆದಳು.

ಮರುದಿನವೇ ಗ್ಲೆನಿಸ್ ಕಂಪ್ಯೂಟರನ್ನು ಕಾರಿನಲ್ಲಿ ಹಾಕಿಕೊಂಡು ಬೇರ್ನ್ಸ್‌ಡೇಲ್ ಪಟ್ಟಣಕ್ಕೆ ಹೊರಟಳು. ನನಗೂ ಅಲ್ಲಿ ಕೆಲಸವಿದ್ದದ್ದರಿಂದ ಜೊತೆಗೆ ಹೋದೆ. ಅಲ್ಲಿ ರಿಪೇರಿ ಅಂಗಡಿ ಇಟ್ಟಿದ್ದ ಟ್ರುಂಗ್ ಎಂಬಾತ ಪೆಟ್ಟಿಗೆ ಬಿಚ್ಚಿ, ಮೆಮೊರಿಯ ಪರೀಕ್ಷೆ ಹಚ್ಚಿದ. ಪರದೆಯ ತುಂಬ ಕೆಂಪು ಸಾಲುಗಳು ಇಳಿದವು.

"ಡಿಸ್ಕ್‌ಗಳು ಚೆನ್ನಾಗಿವೆ. ರ‍್ಯಾಮು ಕೆಟ್ಟಿರೋದು," ಅಂದ. ಆಮೇಲೆ ಒಂದನ್ನು ಕಿತ್ತು ಮತ್ತೆ ನೋಡಿದ, ಇನ್ನೊಂದನ್ನು ಕಿತ್ತು ನೋಡಿದ. "ತಮಾಷೆ ಏನು ಗೊತ್ತಾ? ಒಂದೊಂದೇ ಹಾಕಿದ್ರೆ ಎರಡೂ ಸರಿ ಇವೆ. ಬೇರೆ ಬೇರೆ ಕಂಪನಿದು, ವೇಗ ಬೇರೆ. ಜೊತೆಗೆ ಹಾಕಿದ್ರೆ ಇವನ್ನ ಕೂರಿಸಿರೋ ಮದರ್‌ಬೋರ್ಡಿಗೆ ಆಗ್ತಿಲ್ಲ."

"ಡಿಸ್ಕ್ ಸರಿ ಇದ್ದಮೇಲೆ ಚಿತ್ರ ಯಾಕೆ ಕೆಟ್ವು?"

"ನೀವು ಕಾಪಿ ಮಾಡಿದ್ದೆಲ್ಲ ರ‍್ಯಾಮ್ ಮೂಲಕಾನೇ ಹೋಗಬೇಕಲ್ವಾ? ಅಲ್ಲಿ ಅಲ್ಲೊಂದು ಇಲ್ಲೊಂದು ಅಕ್ಷರ ತಪ್ಪಿದೆ. ತಪ್ಪಿದ್ದನ್ನೇ ಡಿಸ್ಕು ನಂಬಿಕೆಯಿಂದ ಬರ್ಕೊಂಡಿದೆ. ಹಳೇ ಡಿಸ್ಕ್ ಇದ್ಯಲ್ಲ, ಅದರಿಂದ ಮತ್ತೆ ತೆಗೀಬಹುದು."

ಗ್ಲೆನಿಸ್ ಕೌಂಟರಿನ ಮೇಲೆ ಎರಡೂ ಕೈ ಊರಿದಳು.

"ಅಳಿಸಿಬಿಟ್ಟೆ," ಅಂದಳು.

ಟ್ರುಂಗ್ ಪೆಟ್ಟಿಗೆಯ ತಿರುಪುಗಳನ್ನು ಒಂದೊಂದಾಗಿ ಮತ್ತೆ ಬಿಗಿದ.

ವಾಪಸು ಬಂದವಳು ಮನೆಗೆ ಹೋಗದೆ ಕಾರನ್ನು ನೇರವಾಗಿ ಬ್ರೋನ್ವಿನ್ ಇದ್ದ ಕಡೆಗೆ ತಿರುಗಿಸಿದಳು. ಸುಟ್ಟ ಮನೆಯ ಹಿಂದೆ ಸರ್ಕಾರ ಕೊಟ್ಟ ತಗಡಿನ ಕೋಣೆಯಲ್ಲಿ ಬ್ರೋನ್ವಿನ್ ಇನ್ನೂ ಇದ್ದಳು. ನಾನು ಕಾರಿನಲ್ಲೇ ಕೂತಿರುತ್ತೇನೆ ಅಂದೆ, ಗ್ಲೆನಿಸ್ "ಬಾ" ಅಂದಳು. ಆದದ್ದನ್ನೆಲ್ಲ ಅವಳು ಮುಚ್ಚುಮರೆಯಿಲ್ಲದೆ ಹೇಳಿದಳು. ನೆಪ ಹೇಳಲಿಲ್ಲ.

"ವಿಡಿಯೋ?" ಅಂತ ಕೇಳಿದಳು ಬ್ರೋನ್ವಿನ್.

"ಶುರುವಾಗುತ್ತೆ. ಅವನು ಬೂಟು ಎತ್ಕೊಳ್ಳೋ ಹೊತ್ತಿಗೆ ನಿಂತುಹೋಗುತ್ತೆ. ಬ್ರೋನ್, ನಿನ್ನ ಫೋನಿನಲ್ಲಿ ಅದು..."

"ಇಲ್ಲ."

"ಒಂದ್ಸಲ ಹುಡುಕಿ ನೋಡು."

"ನಾನೇ ಅಳಿಸ್ದೆ ಗ್ಲೆನಿಸ್." ಬ್ರೋನ್ವಿನ್‌ಳ ದನಿ ಏರಲಿಲ್ಲ. "ಅಂಗಡೀಲಿ ಹಾಲಿಗೆ ದುಡ್ಡು ಕೊಡೋಕೆ ಫೋನ್ ತೆಗೆದ್ರೆ ಅವನು ಬರ್ತಿದ್ದ. ಪೆಟ್ರೋಲ್ ಹಾಕಿಸ್ಕೊಳ್ವಾಗ ಬರ್ತಿದ್ದ. ತಡ್ಕೊಳ್ಳಕ್ಕಾಗ್ಲಿಲ್ಲ. ಗ್ಲೆನಿಸ್ ಹತ್ರ ಇದೆಯಲ್ಲ, ನನಗೆ ಧೈರ್ಯ ಬಂದಾಗ ಹೋಗಿ ನೋಡ್ತೀನಿ ಅಂತ ಅಳಿಸ್ದೆ. ನೀನು ಇಟ್ಕೋತೀನಿ ಅಂದಿದ್ದೆ."

"ಅಂದಿದ್ದೆ."

"ಹಾಗಾದ್ರೆ ಇನ್ನೇನು ಮಾತು? ಹೋಗು."

ನಾವು ಹೊರಟೆವು. ಕಾರಿನಲ್ಲಿ ಗ್ಲೆನಿಸ್ ಕೀಲಿ ಹಾಕಿ, ಎಂಜಿನ್ ಚಾಲೂ ಮಾಡದೆ ಕೂತಳು. ಬಸ್ಸು ಓಡಿಸುವಾಗಿನ ಅಭ್ಯಾಸದಿಂದಲೋ ಏನೋ, ಕನ್ನಡಿಯಲ್ಲಿ ಹಿಂದೆ ನೋಡುತ್ತಿದ್ದಳು. ಹಿಂದಿನ ಸೀಟಿನಲ್ಲಿ ಆ ಕಂಪ್ಯೂಟರ್ ಇತ್ತು.

ಇನ್ನು ಆ ಪೆಟ್ಟಿಗೆಯನ್ನು ಎಸೆದು ಕೈತೊಳೆದುಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಅವಳು ಹಾಗೆ ಮಾಡಲಿಲ್ಲ. ಇಡೀ ಊರಿನವರನ್ನು ಒಬ್ಬೊಬ್ಬರಾಗಿ ಕಂಡು, ನಿಮ್ಮ ಚಿತ್ರಗಳಲ್ಲಿ ಕೆಲವು ನನ್ನಿಂದ ಹಾಳಾಗಿವೆ, ಮೂಲ ಎಲ್ಲಾದರೂ ಇದ್ದರೆ ಕೊಡಿ ಎಂದು ಕೇಳಿದಳು. ಕೆಲವರು ಬೈದರು. ಬೇಕರಿಯ ಹೆಂಗಸು ಬಾಗಿಲು ಹಾಕಿಕೊಂಡಳು. ಇನ್ನು ಕೆಲವರು ಮೂಲಗಳನ್ನು ಕೊಡಲು ಒಪ್ಪಿದರು, ಆದರೆ "ಯಾವುದಕ್ಕೆ ಹಾಕ್ತೀಯ, ಅದೇ ಪೆಟ್ಟಿಗೆಗಾ?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಹೊಸ ಕಂಪ್ಯೂಟರ್ ಕಟ್ಟುವ ತನಕ ಯಾರಿಂದಲೂ ಏನೂ ತೆಗೆದುಕೊಳ್ಳಬಾರದು ಎಂದು ನಿರ್ಧರಿಸಿದಳು.

ತನ್ನ ತಪ್ಪನ್ನು ತಾನೇ ಹಿಡಿದು ತಿದ್ದಿಕೊಳ್ಳುವ ಮೆಮೊರಿ ಇದೆ ಎಂದು ಟ್ರುಂಗ್ ಹೇಳಿದ್ದ. ಅದು ಗೊತ್ತಾದ ಕೂಡಲೇ ಎಲ್ಲಿಂದಲೋ ಅಂಥವನ್ನು ಸಂಪಾದಿಸಿದಳು. ಒಂದು ಕಚೇರಿಯ ದೊಡ್ಡ ಸರ್ವರ್ ಕಂಪ್ಯೂಟರಿನಿಂದ ಕಿತ್ತಂಥವು. ಹೊಸದಾಗಿ ತಂದ ಮದರ್‌ಬೋರ್ಡಿನ ಕಿಂಡಿಗಳಲ್ಲಿ ಕ್ಲಿಕ್ ಎಂದು ಸರಿಯಾಗಿ ಕೂತವು. ಸ್ವಿಚ್ ಹಾಕಿದರೆ ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪು. ನಾನು ಮರ್ವ್‌ನ ಎದೆಗೆ ಸ್ಟೆತಸ್ಕೋಪ್ ಇಟ್ಟಿದ್ದಾಗ ಅವಳು ಫೋನಿನಲ್ಲಿ ಟ್ರುಂಗ್ ಜೊತೆ ಮಾತಾಡುತ್ತಿದ್ದಳು. ಸ್ಪೀಕರ್ ಹಾಕಿತ್ತು.

"ಅದು ರಿಜಿಸ್ಟರ್ಡ್ ಅನ್ನೋ ಜಾತೀದು ಗ್ಲೆನಿಸ್, ದೊಡ್ಡ ಸರ್ವರ್‌ಗಳಿಗೆ ಮಾತ್ರ. ಕಿಂಡಿ ಒಂದೇ ಅಳತೆ, ಅದಕ್ಕೇ ಕೂತ್ಕೊಳ್ಳುತ್ತೆ. ನಿಮ್ಮ ಬೋರ್ಡಿಗೆ ಅದರ ಭಾಷೆ ಬರಲ್ಲ."

"ಕೂತ್ಮೇಲೆ ಓಡಬೇಕಪ್ಪ!"

"ಹೋದ ಸಲಾನೂ ಕೂತಿತ್ತಲ್ವಾ?"

ಟ್ರುಂಗ್‌ಗೆ ತಾನು ಹೇಳಿದ್ದು ಚುಚ್ಚಿತು ಎಂದು ತಿಳಿದಿರಬೇಕು, ದನಿ ಮೆತ್ತಗಾಯಿತು. "ನೋಡಿ, ಬೋರ್ಡು, ಪ್ರೊಸೆಸರ್, ರ‍್ಯಾಮ್, ಮೂರೂ ಒಪ್ಪಬೇಕು. ಯಾವ ರ‍್ಯಾಮ್ ಹಾಕಿ ಪರೀಕ್ಷೆ ಮಾಡಿದೀವಿ ಅಂತ ಬೋರ್ಡ್ ಮಾಡಿದವರೇ ಹೇಳಿರ್ತಾರೆ. ಅದನ್ನೇ ತಗೊಳ್ಳಿ, ಜೋಡೀನೇ ತಗೊಳ್ಳಿ. ಮತ್ತೆ ಇನ್ನೊಂದು. ಕೆಲವು ಬೋರ್ಡು ಈ ತಿದ್ದೋ ರ‍್ಯಾಮ್ ಹಾಕಿದ್ರೂ ಓಡುತ್ತೆ, ಆದ್ರೆ ತಿದ್ದೋದೇ ಇಲ್ಲ. ಮಾಮೂಲಿ ಥರ ಸುಮ್ನೆ ಓಡ್ತಿರುತ್ತೆ. ನಿಮಗೆ ಗೊತ್ತೂ ಆಗಲ್ಲ."

"ಹಾಗಿದ್ರೆ ತಿದ್ತಿದೆ ಅಂತ ನಂಗೆ ಹೇಗೆ ಗೊತ್ತಾಗಬೇಕು?"

"ಅದನ್ನ ಕೇಳ್ಬೇಕು. ಕೇಳೋದು ಹೇಗೆ ಅಂತ ತೋರಿಸ್ತೀನಿ, ಬನ್ನಿ."

ಮರ್ವ್ ನನ್ನ ಕಡೆ ಕಣ್ಣು ಮಿಟುಕಿಸಿದ. "ಲೇ ಗ್ಲೆನ್, ನನ್ನ ಶ್ವಾಸಕೋಶಕ್ಕೆ ಹೊಂದೋದು ಏನಾದ್ರೂ ಇದ್ಯಾ ಕೇಳೇ ಅವನ್ನ. ಜೋಡೀನೇ ಬೇಕು."

ಅವಳು ನಗಲಿಲ್ಲ. ಅವನ ಎದೆಯಲ್ಲಿ ನಾನು ಕೇಳಿದ ಸದ್ದು ನಗುವಂಥದ್ದೂ ಆಗಿರಲಿಲ್ಲ. ಆ ಚಳಿಗಾಲ ಮುಗಿಯುವ ಮೊದಲೇ ಮರ್ವ್ ತೀರಿಕೊಂಡ. ಅಂತ್ಯಸಂಸ್ಕಾರಕ್ಕೆ ಊರಿನವರು ಬಂದರು, ಬೇಕರಿಯ ಹೆಂಗಸೂ ಬಂದಳು. ಬ್ರೋನ್ವಿನ್ ಬರಲಿಲ್ಲ.

ಗ್ಲೆನಿಸ್ ಒಂದಿಷ್ಟು ದಿನ ಕಪಾಟಿನ ಕಡೆ ತಿರುಗಿಯೂ ನೋಡಲಿಲ್ಲ. ಆಮೇಲೆ ಒಂದು ದಿನ ನಾನು ಹೋದಾಗ ಅಡುಗೆಮನೆಯ ಮೇಜಿನ ಮೇಲೆ ಹೊಸ ಮದರ್‌ಬೋರ್ಡ್ ಇತ್ತು. ಮೊದಲು ತಂದದ್ದನ್ನು ಹಿಂದಿರುಗಿಸಿ, ತಪ್ಪು ತಿದ್ದುವ ಮೆಮೊರಿಯನ್ನು ನಿಜವಾಗಿ ಒಪ್ಪುವಂಥದ್ದನ್ನು ತಂದಿದ್ದಳು. ಡಿಸ್ಕುಗಳಿಗೆ ಸಾಕಷ್ಟು ಜಾಗವಿದ್ದದ್ದು. ಅದಕ್ಕೆ ಹೊಂದುವ ರ‍್ಯಾಮ್, ಒಂದೇ ಕಂಪನಿಯ ಜೋಡಿ. ಅವುಗಳನ್ನು ಕೂರಿಸಿ ಸ್ವಿಚ್ ಹಾಕಿದಳು. ಪರದೆ ಬೆಳಗಿತು. ಆದರೂ ಒಂದೇ ಒಂದು ಚಿತ್ರವನ್ನು ಅದರೊಳಕ್ಕೆ ಹಾಕಲಿಲ್ಲ. ದಿನಗಟ್ಟಲೆ ಮೆಮೊರಿಯ ಪರೀಕ್ಷೆಯನ್ನೇ ಓಡಿಸಿದಳು. ತಿದ್ದುವ ಕೆಲಸ ನಡೆಯುತ್ತಿದೆಯೇ ಎಂದು ಯಂತ್ರವನ್ನು ಮತ್ತೆಮತ್ತೆ ಕೇಳಿದಳು. ಹೌದು ಎಂದರೂ ಮತ್ತೆ ಕೇಳಿದಳು.

ಬಹಳಷ್ಟು ಚಿತ್ರಗಳ ಮೂಲ ಅಲ್ಲಿ ಇಲ್ಲಿ ಸಿಕ್ಕಿತು. ಬೇಕರಿಯವಳ ಮದುವೆಯ ಚಿತ್ರ ಆ ನೆಂಟರ ಹತ್ತಿರವೇ ಇತ್ತು. ಲಾಕಿಯ ಬಾಲ್ಯದ ಚಿತ್ರಗಳಲ್ಲಿ ಕೆಲವು ಚಿಕ್ಕಮ್ಮನ ಕಡೆಯಿಂದ ಮರಳಿ ಬಂದವು. ಕೆಲವು ಯಾರಿಗೂ ಸಿಗಲಿಲ್ಲ. ಅವುಗಳನ್ನು ಕೆಟ್ಟ ರೂಪದಲ್ಲೇ ಬೇರೆಯಾಗಿ ಇಟ್ಟಳು. ಈಗ ಯಾರಾದರೂ ಹೊಸದಾಗಿ ಚಿತ್ರ ತಂದುಕೊಟ್ಟರೆ ಬಾಗಿಲಲ್ಲೇ ನಿಲ್ಲಿಸಿ ಕೇಳುತ್ತಾಳೆ: "ನಿನ್ನ ಹತ್ರ ಒಂದು ಪ್ರತಿ ಇದ್ಯಾ? ಇಲ್ದಿದ್ರೆ ಮೊದಲು ಮಾಡ್ಕೊಂಡು ಬಾ. ನನ್ನನ್ನ ನಂಬಬೇಡ. ನಾನು ಕಳೆದಿದೀನಿ."

ಬ್ರೋನ್ವಿನ್ ತನ್ನ ಜಾಗ ಮಾರಿ ದೂರದ ಮಿಲ್ಡುರಾಕ್ಕೆ ಹೋಗುತ್ತಿದ್ದಾಳೆ ಎಂಬ ಸುದ್ದಿ ಬೇಸಿಗೆಯ ಮೊದಲು ಬಂತು. ಹೊರಡುವ ದಿನ ಅವಳು ಗ್ಲೆನಿಸ್‌ಳ ಮನೆಗೆ ಬಂದಳು. ನಾನೂ ಅಲ್ಲೇ ಟೀ ಕುಡಿಯುತ್ತ ಕೂತಿದ್ದೆ. ಮರ್ವ್ ಹೋದದ್ದು ತಿಳೀತು ಅಂದಳು, ಬಟ್ಟೆಕೋಣೆಯ ಬಾಗಿಲಲ್ಲಿ ನಿಂತಳು.

"ಹಾಕು, ನೋಡೋಣ," ಅಂದಳು.

"ಬ್ರೋನ್, ಅದು ಪೂರ್ತಿ..."

"ಗೊತ್ತು. ಹಾಕು."

ಹುಡುಗ ಬಂದ. ಹಳದಿ ಅಂಗಿ. ಬಾಯಲ್ಲಿ ಟೋಸ್ಟ್. "ಅಮ್ಮಾ, ಸಾಕು, ಎಷ್ಟು ತೆಗೀತೀಯ, ಮದುವೆಗೆ ಹೊರಟಿದ್ದೀನಾ ನಾನು?" ಅನ್ನುತ್ತಾನೆ. ಬೂಟಿಗೆ ಕೈಚಾಚುತ್ತಾನೆ. ಅಲ್ಲಿಗೆ ಚಿತ್ರ ಚೂರುಚೂರಾಗಿ ನಿಲ್ಲುತ್ತದೆ. ಬ್ರೋನ್ವಿನ್ ಪರದೆಯನ್ನೇ ನೋಡುತ್ತಿದ್ದಳು.

"ಇದಾದ್ಮೇಲೆ ತಿರುಗಿ ನನಗೆ ಮುತ್ತು ಕೊಡ್ತಾನೆ," ಅಂದಳು. "ಇನ್ಮೇಲೆ ಅದು ನನಗೊಬ್ಬಳಿಗೇ ಗೊತ್ತು."

ಗ್ಲೆನಿಸ್ ಅದರ ಪ್ರತಿಯೊಂದನ್ನು ಅವಳಿಗೆ ಕೊಡಲು ಮುಂದಾದಳು. ಬ್ರೋನ್ವಿನ್ ಕೈ ಹಿಂದಕ್ಕೆ ಎಳೆದುಕೊಂಡು, ಆಮೇಲೆ ತೆಗೆದುಕೊಂಡಳು. ಕ್ಷಮಿಸಿದೆ ಎಂದೇನೂ ಹೇಳಲಿಲ್ಲ. ಗ್ಲೆನಿಸ್ ಕೇಳಲೂ ಇಲ್ಲ. ಬ್ರೋನ್ವಿನ್‌ಳ ಕಾರು ಹೆದ್ದಾರಿಯ ಕಡೆ ತಿರುಗುವ ತನಕ ನಾನು, ಗ್ಲೆನಿಸ್ ಇಬ್ಬರೂ ಗೇಟಿನಲ್ಲಿ ನಿಂತಿದ್ದೆವು. ಆಮೇಲೆ ಗ್ಲೆನಿಸ್ ಎದುರಿನ ಖಾಲಿ ಜಾಗಕ್ಕೆ ಹೋಗಿ, ಹೊಸಬರು ಬರುವ ಮೊದಲು, ಬೇಸಿಗೆಯ ಕಿಡಿ ತಗಲುವ ಮೊದಲು ತೆಗೆಯಬೇಕು ಎಂದು ಅಲ್ಲಿ ಬೆಳೆದಿದ್ದ ಒಣಹುಲ್ಲನ್ನು ಕೀಳತೊಡಗಿದಳು.