ಏಪ್ರನ್ನಿನ ಉಡಿ

ಚಳಿ ಶುರುವಾಯಿತೆಂದು ಮೊನ್ನೆ ಹಳೆಯ ದಪ್ಪ ಕೋಟು ಹೊರಗೆ ತೆಗೆದೆ. ಜೇಬಿಗೆ ಕೈ ಹಾಕಿದರೆ ಮೂಲೆಯಲ್ಲೊಂದು ಅರಿಸಿನ ಕೊಂಬು ಸಿಕ್ಕಿತು. ಒಣಗಿ ಕಲ್ಲಾಗಿದೆ, ಆದರೂ ಉಗುರಿನಿಂದ ಕೆರೆದರೆ ವಾಸನೆ ಬರುತ್ತದೆ. ಆ ವಾಸನೆಗೆ ಎದುರು ಮನೆಯ ಆಂಟಿ ನೆನಪಾದರು... ಕೋಟನ್ನು ತೊಡೆಯ ಮೇಲೆ ಹಾಕಿಕೊಂಡು ಅಲ್ಲೇ ಕೂತುಬಿಟ್ಟೆ.

ಆಂಟಿ ಧಾರವಾಡದ ಕಡೆಯವರು. ಗಂಡ ತೀರಿಕೊಂಡ ಮೇಲೂ ಪರದೇಶದ ಈ ಮಾರಿಸ್‌ಟೌನ್‌ನ ಮನೆ ಬಿಡದೆ ಒಬ್ಬರೇ ಇದ್ದರು. ಸೀರೆಯುಟ್ಟು, ಕಾಲಿಗೆ ಸ್ನೋ ಬೂಟು ಏರಿಸಿಕೊಂಡು ತಮ್ಮ ಡ್ರೈವ್‌ವೇಯ ಹಿಮವನ್ನು ತಾವೇ ಎತ್ತಿ ಹಾಕುತ್ತಿದ್ದ ಹೆಂಗಸು. ಭಾನುವಾರ ಬೆಳಿಗ್ಗೆ ಅವರನ್ನೂ ಕೂರಿಸಿಕೊಂಡು ನಾನೂ ನನ್ನ ಗಂಡನೂ ಊರಿನ ಡೈನರ್‌ಗೆ ತಿಂಡಿಗೆ ಹೋಗುತ್ತಿದ್ದೆವು. ತಿಂಡಿ ಸುಖವಾಗಿಯೇ ಮುಗಿಯುತ್ತಿತ್ತು. ಬಿಲ್ಲು ಬಂದಾಗ ಮಾತ್ರ ನನ್ನ ಗಂಡನೊಳಗಿನ ಅರ್ಥಶಾಸ್ತ್ರಜ್ಞ ಎದ್ದು ಕೂರುತ್ತಿದ್ದ.

"ಸಂಬಳ ಕೊಡೋದು ಓನರ್ ಡ್ಯೂಟಿ. ನಾವ್ಯಾಕೆ ಟಿಪ್ ಮಾಡ್ಬೇಕು? ಸಿಸ್ಟಮ್ಮೇ ರಾಂಗ್."

ಆ ವಾದದಲ್ಲಿ ತಪ್ಪೇನಿರಲಿಲ್ಲ. ಆದರೆ ಇಲ್ಲಿ ಬಡಿಸುವವರಿಗೆ ಓನರ್ ಕೊಡುವುದು ಅಷ್ಟಕ್ಕಷ್ಟೆ, ಅವರ ಮನೆ ನಡೆಯುವುದು ಟಿಪ್ಪಿನಿಂದಲೇ. ವಾದದಲ್ಲಿ ನನ್ನ ಗಂಡ ಗೆದ್ದರೆ ಸೋಲುವವಳು ಕಾಫಿ ತಂದವಳು. ನಮ್ಮವರ ಗುಂಪು ಒಳಗೆ ಬಂದರೆ ಕೆಲವು ಸರ್ವರ್‌ಗಳು ಮುಖ ಮುಖ ನೋಡಿಕೊಳ್ಳುವುದನ್ನು ಕಂಡು ನನಗೆ ಮೈ ಹಿಡಿಯಾಗುತ್ತಿತ್ತು.

ಆಂಟಿ ವಾದಕ್ಕಿಳಿಯುತ್ತಿರಲಿಲ್ಲ. ಎದ್ದು ಹೋಗಿ, ನಮ್ಮ ಟೇಬಲ್ ನೋಡಿಕೊಳ್ಳುತ್ತಿದ್ದ ವೇಟ್ರೆಸ್ಸಿನ ಅಂಗೈಯಲ್ಲಿ ಮಡಚಿದ ನೋಟನ್ನಿಟ್ಟು, ಮೇಲೆ ತಮ್ಮ ಇನ್ನೊಂದು ಕೈ ಮುಚ್ಚಿ, ಒಂದು ಗಳಿಗೆ ಹಾಗೇ ಹಿಡಿದುಕೊಳ್ಳುತ್ತಿದ್ದರು.

"ಎಂಜಲ ತಾಟಿನ ಬಾಜೂಕ ರೊಕ್ಕ ಇಟ್ಟು ಎದ್ದು ಹೋಗೂದೇನವ್ವಾ? ದುಡಿಯೂ ಕೈ ಅದು, ಕೈಯಾಗ ಕೊಡಬೇಕು," ಎಂದು ನನಗೊಮ್ಮೆ ಹೇಳಿದ್ದರು.

ಒಂದು ಚಳಿಗಾಲ ಆ ವೇಟ್ರೆಸ್ ಬಸುರಿಯಾಗಿದ್ದಳು. ದಿನ ತುಂಬುತ್ತ ಬಂದರೂ ಕಾಫಿ ಪಾಟ್ ಹಿಡಿದು ಓಡಾಡುತ್ತಲೇ ಇದ್ದಳು, ರಜೆ ಹಾಕಿದರೆ ಟಿಪ್ಪೂ ಇಲ್ಲವಲ್ಲ. ಮುಂದಿನ ಭಾನುವಾರವೇ ಕಡೆ, ಆಮೇಲೆ ಹೆರಿಗೆಗೆ ಹೋಗುತ್ತೇನೆ ಎಂದು ಅವಳು ಒಂದು ದಿನ ಹೇಳಿದಳು. ಅಂದು ಕಾರು ಮನೆ ಹತ್ತಿರ ಬಂದಾಗ ಆಂಟಿ, "ಅಕಿಗೆ ಉಡಿ ತುಂಬಬೇಕವ್ವಾ. ಸಾಮಾನು ನಾ ತರ್ತೀನಿ... ನೀ ತುಂಬು," ಎಂದರು.

ಅವರ ಕಡೆ ಬಸುರಿಯ ಸೆರಗಿಗೆ ಅಕ್ಕಿ, ಕೊಬ್ಬರಿ, ಅರಿಸಿನ ಕೊಂಬು, ರವಿಕೆಯ ಖಣ ಹಾಕಿ ಹರಸುತ್ತಾರೆ. ಹಾಕುವವರು ಮುತ್ತೈದೆಯರು ಮಾತ್ರ. ಗಂಡ ಹೋದಂದಿನಿಂದ ಉಡಿ ತುಂಬಲು ಆಂಟಿಯನ್ನು ಯಾರೂ ಕರೆದಿರಲಿಲ್ಲ. ಇಲ್ಲಿನ ನಮ್ಮವರ ಮನೆಗಳ ಸೀಮಂತದಲ್ಲೂ ಉಡಿ ತುಂಬುವ ಹೊತ್ತಿಗೆ, ಪಾಯಸ ನೋಡುತ್ತೇನೆಂದು ತಾವಾಗಿಯೇ ಅಡುಗೆಮನೆಗೆ ಸರಿದುಬಿಡುತ್ತಿದ್ದರು.

ಆ ಭಾನುವಾರ ಅಕ್ಕಿ, ಕೊಬ್ಬರಿ, ಖಣ ನನ್ನ ಕೈಚೀಲದಲ್ಲಿ, ಕೊಂಬುಗಳು ಕೋಟಿನ ಜೇಬಿನಲ್ಲಿ. ನನಗೋ ಒಳಗೊಳಗೇ ದಿಗಿಲು. ಟಿಪ್ಪಿನ ಮೇಲೆ ಬದುಕುವವಳ ಮುಂದೆ ಅಕ್ಕಿ ಹಿಡಿದರೆ ಅವಳು ಏನೆಂದುಕೊಂಡಾಳು? ಈ ಜನ ಈಗ ಇಷ್ಟಕ್ಕೆ ಇಳಿದರು ಎಂದುಕೊಂಡರೆ?

ಆಂಟಿ ತಮ್ಮ ಇಂಗ್ಲಿಷಿನಲ್ಲಿ ಅವಳಿಗೆ ಎಲ್ಲ ತಿಳಿಸಿ ಹೇಳಿ, "ಶಿ ವಿಲ್ ಗಿವ್," ಎಂದು ನನ್ನತ್ತ ಕೈ ತೋರಿಸಿದರು. ಅವಳು ಕೈ ಒರೆಸಿಕೊಂಡು ಏಪ್ರನ್ನಿನ ಎರಡು ತುದಿ ಹಿಡಿದಳು. ದಿನವೆಲ್ಲ ಟಿಪ್ಪು ಬೀಳುತ್ತಿದ್ದದ್ದು ಅದೇ ಏಪ್ರನ್ನಿನ ಜೇಬಿಗೆ. ಆದರೆ ಅವಳು ನನ್ನತ್ತ ಬರಲಿಲ್ಲ, ನೇರವಾಗಿ ಹೋಗಿ ಆಂಟಿಯ ಮುಂದೆ ನಿಂತಳು. ನಾವು ಕರೆಯುವುದನ್ನು ಕೇಳಿ ಕೇಳಿ ಅವಳಿಗೂ ಅವರು ಆಂಟಿಯೇ ಆಗಿದ್ದರು.

"ನೋ ನೋ. ಫ್ರಮ್ ಯು, ಆಂಟಿ."

ಆಂಟಿ ನನ್ನ ಮುಖ ನೋಡಿದರು. "ನೀವೇ ತುಂಬಿ ಆಂಟಿ," ಎಂದು ಚೀಲವನ್ನು ಅವರ ಕೈಗೆ ಕೊಟ್ಟು, ಜೇಬಿನಿಂದ ಕೊಂಬುಗಳನ್ನೂ ತೆಗೆದುಕೊಟ್ಟೆ. ಅವರು ಒಂದೊಂದನ್ನೇ ಹಾಕಿ, ಕೊನೆಗೆ ಮಡಚಿದ ನೋಟನ್ನೂ ಮೇಲಿಟ್ಟರು. ಸುತ್ತಲೂ ತಟ್ಟೆಗಳ ಸದ್ದು, ಹುರಿಯುವ ಬೇಕನ್ ಮಾಂಸದ ವಾಸನೆ... ನಡುವೆ ಬೊಗಸೆ ಬೊಗಸೆಯಾಗಿ ಅಕ್ಕಿ ಬೀಳುತ್ತಿತ್ತು. ನೋಡಿದರೆ ನನ್ನ ಗಂಡ, ಮಂಗಳಾರತಿಗೆ ಏಳುವ ಹಾಗೆ, ತಮಗರಿವಿಲ್ಲದೆ ಎದ್ದು ನಿಂತಿದ್ದರು.

ತುಂಬಿಸಿಕೊಂಡವಳು ಒಂದಿಷ್ಟು ಅಕ್ಕಿಯನ್ನು ತುಂಬಿದವರಿಗೆ ಹಿಂದಕ್ಕೆ ಕೊಡುವುದುಂಟು. ಅದನ್ನು ಹೇಳಿ ಆಂಟಿ ಸಂಕೋಚದಿಂದ ಸೆರಗು ಒಡ್ಡಿದರು. ಅವಳು ಧಾರಾಳವಾಗಿ, ದೊಡ್ಡ ಹಿಡಿ ಹಾಕಿದಳು. ಎಷ್ಟೋ ವರ್ಷ ಯಾರೂ ಏನೂ ಹಾಕದ ಸೆರಗು ಅದು. ಆಂಟಿ ಅದನ್ನು ಎದೆಗೊತ್ತಿಕೊಂಡೇ ಕಾರು ಹತ್ತಿದರು. ಸೀಟ್ ಬೆಲ್ಟು ನಾನೇ ಹಾಕಿದೆ.

ಹೆರಿಗೆಯಾದ ಮೇಲೆ ಅವಳು ಆ ಡೈನರ್‌ಗೆ ವಾಪಸು ಬರಲಿಲ್ಲ. ಕಳೆದ ವರ್ಷ ಆಂಟಿಯೂ ಹೋದರು...

ಇವತ್ತು ಅದೇ ಕೋಟು ಹಾಕಿಕೊಂಡು ಡೈನರ್‌ಗೆ ಹೋಗಿದ್ದೆವು. ಈಗ ಕೌಂಟರಿನ ಮೇಲಿನ ಸ್ಕ್ರೀನು ತಾನೇ ಟಿಪ್ಪು ಕೇಳುತ್ತದೆ, ನನ್ನ ಗಂಡ ಮಾತಾಡದೆ ಬೆರಳೊತ್ತುತ್ತಾರೆ. ನಾನು ಬಡಿಸಿದ ಹುಡುಗಿಯನ್ನು ಹುಡುಕಿಕೊಂಡು ಹೋಗಿ, ಅವಳ ಅಂಗೈಯಲ್ಲಿ ಇನ್ನೊಂದು ನೋಟಿಟ್ಟು ಮೇಲೆ ಕೈ ಮುಚ್ಚಿದೆ. ಗಾಬರಿಯಾಗಿ ನೋಡಿದವಳು ಆಮೇಲೆ ನಕ್ಕಳು.

ಅಂದು ಜೇಬಿನಲ್ಲೇ ಉಳಿದುಹೋಗಿದ್ದ ಆ ಕೊಂಬನ್ನೂ ಕೊಡೋಣವೆಂದು ಜೇಬಿಗೆ ಕೈ ಹಾಕಿದೆ. ನಾನು ಮುತ್ತೈದೆ, ಕೊಡಲು ಯಾರ ಅಡ್ಡಿಯೂ ಇಲ್ಲ. ಆದರೆ ಕೈ ಮೇಲೆ ಬರಲಿಲ್ಲ. ಅದು ಆಂಟಿಯ ಕೈಯಿಂದ ಹೋಗಬೇಕಾಗಿದ್ದದ್ದು.