ಸರ್ವೇ ಕಲ್ಲಿಗೆ ಕಡುಬಿನ ಎಡೆ

ಆಗೆಲ್ಲ ಎಳ್ಳ ಅಮಾವಾಸ್ಯೆಯ ದಿನ ನಮ್ಮ ಬೇಡರ ಓಣಿಯಲ್ಲಿ ಉಳಿಯುತ್ತಿದ್ದದ್ದು ಬೆಕ್ಕುಗಳು ಮಾತ್ರ. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಕಡುಬಿನ ಬುಟ್ಟಿ ಹೊತ್ತು ಎಲ್ಲರೂ ಹೊಲಕ್ಕೆ ಹೋಗುತ್ತಿದ್ದೆವು. ಶೇಂಗಾ ಹೋಳಿಗೆಯ ವಾಸನೆಗೆ ದಾರಿಯುದ್ದಕ್ಕೂ ಬಾಯಲ್ಲಿ ನೀರು. ಆದರೆ ಪೂಜೆಗೆ ಮುಂಚೆ ಮುಟ್ಟಲು ನಮ್ಮ ಅಜ್ಜಿ, ಅಂದರೆ ಆಯಿ, ಬಿಡುತ್ತಿರಲಿಲ್ಲ.

ಕಿತ್ತೂರಿನಾಚೆ ಗುಡ್ಡದ ಬುಡದ ಆ ಹೊಲವನ್ನು ಮುತ್ತಜ್ಜ ಮುಳ್ಳುಕಂಟಿ ಕಡಿದು ಮಾಡಿದ್ದ. ಸರ್ಕಾರದ ಲೆಕ್ಕದಲ್ಲಿ ಮಾತ್ರ ಅದು ಸರ್ಕಾರದ್ದೇ. ಆ ವರ್ಷ ಅಲ್ಲಿ ವಿಶೇಷ ಆರ್ಥಿಕ ವಲಯ ಬರುತ್ತದೆ, ಹೊಲ ಬಿಡಬೇಕು ಎಂಬ ಸುದ್ದಿ ಬಂದು ಅಪ್ಪನಿಗೆ ಅನ್ನ ಸೇರದಾಗಿತ್ತು. ಸರ್ವೇದವರು ಸುತ್ತಲೂ ಸುಣ್ಣ ಬಳಿದ ಕಲ್ಲು ನೆಟ್ಟು ಹೋಗಿದ್ದರು.

ಹಬ್ಬದ ದಿನ ಹೊಲದಲ್ಲಿ ಐದು ಕಲ್ಲು ಆರಿಸಿ, ಸುಣ್ಣ ಹಚ್ಚಿ, ಪಾಂಡವರೆಂದು ಪೂಜಿಸುವುದು ನಮ್ಮ ಪದ್ಧತಿ. ಆ ಕೆಲಸ ನಮ್ಮ ಕಾಕಾನದು. ಕಾಕಾ ಮಹಾ ಸೋಮಾರಿ. ಸುಣ್ಣ ಹಚ್ಚಿದ ಕಲ್ಲು ಎದುರಿಗೇ ಇರುವಾಗ ಅವನೇಕೆ ಬೆವರು ಸುರಿಸಿಯಾನು? ಐದನ್ನು ಕಿತ್ತು ತಂದು ಬನ್ನಿಗಿಡದ ಕೆಳಗೆ ಕೂರಿಸಿದ. ಆಯಿ ಕುಂಕುಮ ಹಚ್ಚಿ, ಚೆಂಡುಹೂ ಏರಿಸಿ, ಕಡುಬು ಎಡೆ ಮಾಡಿ, ನೈವೇದ್ಯವನ್ನು ಬೆಳೆಗೆಲ್ಲ ಎರಚಿ ಚರಗ ಚೆಲ್ಲಿ ಬರುವಷ್ಟರಲ್ಲಿ ಸರ್ವೇ ಸಾಹೇಬರ ಜೀಪು ಬಂತು.

ಕಲ್ಲು ಹುಡುಕುತ್ತ ಬಂದ ಸಾಹೇಬರು ಪಾಂಡವರ ಮುಂದೆ ನಿಂತರು. ಅವರ ಜವಾನ ಆಗಲೇ ಚಪ್ಪಲಿ ಕಳಚಿ ಕೈಮುಗಿದಿದ್ದ.

"ಇವು ಸರ್ಕಾರದ ಕಲ್ಲು ಅದಾವ್ರಿ ಆಯಿ. ಕೊಡ್ರಿ," ಎಂದರು ಸಾಹೇಬರು.

"ಮೊದಲ ಊಟಕ್ಕ ಕೂಡ್ರಿ. ಚರಗದ ದಿನ ಹೊಲಕ್ಕ ಬಂದವ್ರು ಹಸಕೊಂಡ ಹೋಗಬಾರದ್ರಿ."

ಒಂದೇ ಹೋಳಿಗೆ ಎಂದು ಕೂತ ಸಾಹೇಬರು ಎದ್ದದ್ದು ನಿದ್ದೆ ಮುಗಿಸಿ. ಎದ್ದವರೇ ಮತ್ತೆ ಕಲ್ಲು ಕೇಳಿದರು.

"ಕಲ್ಲು ನಿಮ್ಮವ ಇರಲಿ ಸಾಹೇಬ್ರ, ದೇವರು ನಮ್ಮಾಂವ. ದೇವರನ್ನ ಇಲ್ಲೇ ಬಿಟ್ಟು ಕಲ್ಲಷ್ಟ ಒಯ್ರಿ," ಎಂದಳು ಆಯಿ.

ಸಾಹೇಬರು ಜವಾನನ ಮುಖ ನೋಡಿದರು. ಜವಾನ ಗುಡ್ಡ ನೋಡಿದ. ಕಲ್ಲಿಲ್ಲದೆ ಜೀಪು ಹೊರಟಿತು. ಅಂದು ಅಪ್ಪ ಹೊಟ್ಟೆ ತುಂಬ ಉಂಡ. ಹೊಲ ಉಳಿಯಿತೆಂದೇ ನಾವು ಹುಡುಗರು ಕುಣಿದೆವು.

ಮುಂದಿನ ಸಲ ಅವರು ಹಬ್ಬವಿಲ್ಲದ ದಿನ ಬಂದರು, ಕಬ್ಬಿಣದ ಕಂಬ ತಂದರು. ಈಗ ಅಲ್ಲೊಂದು ದೊಡ್ಡ ಗೇಟು. ಕಾರ್ಖಾನೆ ಇನ್ನೂ ಬಂದಿಲ್ಲ, ಕಾವಲುಗಾರ ಬಂದಿದ್ದಾನೆ. ಆಯಿಯೂ ಇಲ್ಲ. ಕಳೆದ ಎಳ್ಳ ಅಮಾವಾಸ್ಯೆಗೆ ಅವ್ವ ಹಟ ಹಿಡಿದು ಬುಟ್ಟಿ ಹೊತ್ತು ನನ್ನನ್ನು ಅಲ್ಲಿಗೆ ಕರೆದೊಯ್ದಳು. ಆ ಗೇಟು ನೋಡಿ ನನಗೆ ಅಳುವೇ ಬಂತು.

"ಯಾರನ್ನ ಭೆಟ್ಟಿ ಆಗಬೇಕ್ರಿ?" ಎಂದ ಕಾವಲುಗಾರ.

"ನಮ್ಮ ಹೊಲಾನ," ಎಂದಳು ಅವ್ವ.

ಅವನು ಗೇಟು ತೆರೆಯಲಿಲ್ಲ. ಚರಗವನ್ನು ಡಾಂಬರು ರಸ್ತೆಯ ಮೇಲೆ ಚೆಲ್ಲಿ ಬಂದೆವು.