ಕುರಿಮರಿಯ ತೂಕದಲ್ಲಿ ನನ್ನ ಪಾಲು

೨೦೨೨ನೆಯ ಇಸವಿ, ಆಗ ನನಗೆ ಐವತ್ತೈದು ವರ್ಷ. ಶಾಲೆಯಿಂದ ಸ್ವಯಂನಿವೃತ್ತಿ ಪಡೆದು ತುರುವೇಕೆರೆಯ ಬಳಿಯ ನಮ್ಮ ತೆಂಗಿನ ತೋಟದಲ್ಲಿ ನೆಲೆಸಿದ್ದೆ. ತಿದ್ದಲು ಮಕ್ಕಳಿಲ್ಲದೆ ಕೈ ತುರಿಸುತ್ತಿದ್ದ ಆ ದಿನಗಳಲ್ಲಿ, ದಬ್ಬೇಘಟ್ಟದಲ್ಲಿ ಕುರಿ ಸಾಕಿದ್ದ ನನ್ನ ಭಾವಮೈದುನ, ತಾಯಿಯ ಹಾಲು ಸಾಲದೆ ಸೊರಗಿದ್ದ ಟಗರುಮರಿಯೊಂದನ್ನು ತಂದು ಅಂಗಳದಲ್ಲಿ ಬಿಟ್ಟ.

"ಸಂಕ್ರಾಂತಿ ಹೊತ್ಗೆ ಇದು ಹತ್ತು ಕೆ.ಜಿ. ಹೆಚ್ಚಾಗ್ಬೇಕು ಭಾವ. ಆದ್ರೆ ನಿಮ್ದು. ಇಲ್ಲಾಂದ್ರೆ ವಾಪಸ್ ನಮ್ಮ ಮಂದೆಗೆ."

ಮರಿ ಅದೇ ಸಂಜೆ ನನ್ನ ಪಂಚೆಯ ಅಂಚನ್ನು ಬಾಯಲ್ಲಿ ಕಚ್ಚಿಕೊಂಡು ತೋಟವೆಲ್ಲ ಸುತ್ತಿತು. ಅದನ್ನು ಬಿಟ್ಟುಕೊಡಬಾರದೆಂದು ನಾನು ಆಗಲೇ ನಿಶ್ಚಯಿಸಿದೆ.

ಪಶುವೈದ್ಯರು ಹೇಳಿದಂತೆ, ಬೇಯಿಸಿದ ಹುರುಳಿಗೆ ಕೊಬ್ಬರಿ ಹಿಂಡಿಯನ್ನೂ ಲವಣ ಮಿಶ್ರಣದ ಪುಡಿಯನ್ನೂ ಬೆರೆಸಿ ಇಟ್ಟೆ. ಮರಿ ಮೂಸಿತು, ಸೀನಿತು, ನನ್ನ ಮುಖ ನೋಡಿತು. ಮಾಡಿ ತೋರಿಸದೆ ಏನನ್ನೂ ಕಲಿಸಲಾಗದೆಂಬುದು ನನ್ನ ಬೋಧನೆಯ ಮೊದಲ ನಿಯಮ. ಆದುದರಿಂದ ಅದರೆದುರು ಮಣೆ ಹಾಕಿಕೊಂಡು ಕುಳಿತು, ಬೆಲ್ಲ, ಕಾಯಿತುರಿ ಹಾಕಿದ ಹುರುಳಿಯನ್ನು ನನ್ನ ತಟ್ಟೆಯಿಂದ ಒಂದು ಹಿಡಿ ತಿಂದೆ. ಮರಿಯೂ ತನ್ನದರಿಂದ ಒಂದು ಬಾಯಿ ತಿಂದಿತು. ನಾನು ನಿಲ್ಲಿಸಿದೆ, ಅದೂ ನಿಲ್ಲಿಸಿತು. ಅಂದಿನಿಂದ ಎರಡು ಹೊತ್ತೂ ಇದೇ ಕ್ರಮ.

"ಪೌಷ್ಟಿಕಾಂಶ ಯಾರಿಗ್ರೀ, ಮರಿಗೋ ನಿಮಗೋ?" ಎಂದು ನನ್ನ ಹೆಂಡತಿ ಕೇಳುತ್ತಿದ್ದಳು.

ಕೊಬ್ಬರಿ ವ್ಯಾಪಾರಿ ನಮ್ಮ ಅಂಗಳದಲ್ಲೇ ಬಿಟ್ಟಿದ್ದ ತೂಕದ ಯಂತ್ರದ ಮೇಲೆ ಮರಿ ಒಂದು ಕ್ಷಣವೂ ನಿಲ್ಲುತ್ತಿರಲಿಲ್ಲವಾದ್ದರಿಂದ, ಅದನ್ನು ಎತ್ತಿಕೊಂಡು ನಾನೇ ನಿಲ್ಲುತ್ತಿದ್ದೆ. ಮೊದಲ ದಿನ ನೋಡಿಟ್ಟಿದ್ದ ನನ್ನ ಅರವತ್ತೆರಡು ಕೆ.ಜಿ.ಯನ್ನು ಕಳೆದರೆ ಉಳಿದದ್ದು ಮರಿಯದು. ಸಂಕ್ರಾಂತಿಯ ಮಾರನೆಯ ದಿನ ನೋಡಿದರೆ, ಹನ್ನೊಂದು ಕೆ.ಜಿ. ಏರಿತ್ತು! ಯಂತ್ರದ ಮೇಲೆಯೇ ಮರಿಯ ಹಣೆಗೆ ಮುತ್ತಿಟ್ಟೆ.

ತೂಕ ನೋಡಲೆಂದೇ ಬಂದಿದ್ದ ಭಾವಮೈದುನ ನನ್ನ ಹೊಟ್ಟೆಯನ್ನೇ ನೋಡುತ್ತಿದ್ದ. "ಭಾವ, ಕೊಬ್ಬರಿ ತೂಗುವಾಗ ಚೀಲದ ತೂಕ ಕಳೀತೀವಲ್ವಾ? ಬರೀ ಚೀಲನ ಇನ್ನೊಂದ್ಸಲ ತೂಗ್ಬುಡಿ."

ಮರಿಯನ್ನು ಇಳಿಸಿ ಒಬ್ಬನೇ ನಿಂತೆ. ಅರವತ್ತೊಂಬತ್ತು. ಹನ್ನೊಂದರಲ್ಲಿ ಏಳು ನನ್ನದು. ನಾಲ್ಕು ಮಾತ್ರ ಮರಿಯದು.

"ಇವರನ್ನೇ ಮಂದೆಗೆ ಹೊಡ್ಕೊಂಡು ಹೋಗೋ" ಎಂದಳು ನನ್ನ ಹೆಂಡತಿ ತಮ್ಮನಿಗೆ. ಅವನು ಮರಿಯನ್ನೇ ಬೈಕಿನ ಮುಂದೆ ಕೂರಿಸಿಕೊಂಡು ಹೊರಟ. ರಸ್ತೆಯ ತಿರುವಿನವರೆಗೂ ಅದು ಅರಚುತ್ತಲೇ ಇತ್ತು. ಆ ಸಂಜೆ ಹುರುಳಿ ನನಗೂ ಸೇರಲಿಲ್ಲ.

ಹೆಚ್ಚುಕಡಿಮೆ ಎರಡು ವಾರ ಕಳೆದ ಮೇಲೆ ಅದೇ ಬೈಕು ಮತ್ತೆ ಅಂಗಳಕ್ಕೆ ಬಂದಿತು.

"ತಗೊಳ್ಳಿ ಭಾವ, ನಿಮ್ಮ ಶಿಷ್ಯನ್ನ! ಎದುರಿಗೆ ಯಾರಾದ್ರೂ ತಿನ್ನದೆ ಇದು ಬಾಯಿಗೇ ಇಡಲ್ಲ. ಹುರುಳಿ ತಿಂದೂ ತಿಂದೂ ನನಗೆ ಹೊಟ್ಟೆ ಉಬ್ಬರ. ಮನೇಲಿ ನನ್ನ ಹಾಸಿಗೆ ಜಗಲಿಗೆ ಹಾಕವ್ರೆ."

ಅವನ ಮಾತು ಮುಗಿಯುವಷ್ಟರಲ್ಲಿ ಮರಿ ನನ್ನ ಪಂಚೆಯ ಅಂಚನ್ನು ಕಚ್ಚಿತ್ತು. ಹೆಂಡತಿ ಎರಡು ತಟ್ಟೆ ತಂದಿಟ್ಟಳು. ನನ್ನದರಲ್ಲಿ ಈ ಬಾರಿ ಬೆಲ್ಲವೂ ಇರಲಿಲ್ಲ, ಕಾಯಿಯೂ ಇರಲಿಲ್ಲ. ಟಗರು ನಮ್ಮದೆಂದು ಇತ್ಯರ್ಥವಾದದ್ದು ೨೦೨೩ನೆಯ ಇಸವಿ ಜನವರಿ ೨೯, ಭಾನುವಾರ.